ಸುತ್ತಿಗೆಗೆ ಬದಲು ಲಟ್ಟಣಿಗೆ

ಜನವರಿ 8

ನಿನ್ನೆ ನಮ್ಮ ಕ್ರಿಸ್‌ಮಸ್, ಇಗರ್ಜಿಯ ಹಳೇ ಪಂಚಾಂಗದ ಪ್ರಕಾರ. ಬೀಟ್‌ರೂಟ್ ಸಾರನ್ನು ಎಡಗೈಯಲ್ಲಿ ಕುಡಿಯಲು ಹೋಗಿ ಮೇಜಿನ ಬಟ್ಟೆಗೆ ಕುಡಿಸಿದೆ. ಬಲಗೈಗೆ ಏನಾಗಿದೆ ಎಂದು ಮಗಳು ಲೋರ್ನಾ ಕೇಳಿದಳು. ಏನೂ ಇಲ್ಲ ಅಂದೆ. ಹಾಗಾದರೆ ಆ ಕೈಯಲ್ಲಿ ತಲೆ ಬಾಚಿಕೊಂಡು ತೋರಿಸು ಅಂದಳು. ಬಾಚುವಂಥದ್ದು ಅಲ್ಲೇನೂ ಉಳಿದಿಲ್ಲ ಅಂದೆ. ನಗಲಿಲ್ಲ. ಅವಳ ತಾಯಿ ವೆರಾ ಕೂಡ ಇಂಥ ಕಡೆ ನಗುತ್ತಿರಲಿಲ್ಲ. ಅವಳು ಹೋಗಿ ನಾಲ್ಕು ವರ್ಷವಾದರೂ ಆ ಮುಖ ಮಗಳ ಮೇಲೆ ಹಾಗೇ ಕೂತಿದೆ.

ಇವತ್ತು ಲೋರ್ನಾ ತನ್ನ ಊರು ಯಾರ್ಕ್‌ಟನ್‌ಗೆ ವಾಪಸು ಹೊರಡುವ ಮುಂಚೆ ನನ್ನನ್ನು ಕಾರಿಗೆ ಹಾಕಿಕೊಂಡು ಫಿಸಿಯೋಥೆರಪಿಯ ಬಾಗಿಲಲ್ಲಿ ಇಳಿಸಿಹೋದಳು, ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಹಾಗೆ. ಅದು ಮೊದಲು ಹಾರ್ಡ್‌ವೇರ್ ಅಂಗಡಿ. ಮುಚ್ಚಿದಾಗ ಅಲ್ಲಿನ ಮೊಳೆಯಿಂದ ಹಿಡಿದು ತಕ್ಕಡಿಯವರೆಗೆ ಹರಾಜು ಕೂಗಿ ಮಾರಿದವನು ನಾನೇ. ಹುಲ್ಲು ಎತ್ತುವ ಕವೆಗೋಲು ನೇತುಹಾಕುತ್ತಿದ್ದ ಗೋಡೆಯಲ್ಲಿ ತೂತುಗಳು ಇನ್ನೂ ಇವೆ. ಈಗ ಆ ಗೋಡೆಯ ಮೇಲೆ ಮುದುಕರು ಬೆರಳು ಹತ್ತಿಸುತ್ತಾರೆ, ಜೇಡ ಹತ್ತುವ ಹಾಗೆ.

ಫಿಸಿಯೋ ನೋಡಿಕೊಳ್ಳುವವಳು ಜೋಸ್ಲಿನ್, ಫಿಲಿಪ್ಪೀನ್ಸಿನವಳು. ಎಲ್ಲರನ್ನೂ ಸರ್, ಮ್ಯಾಮ್ ಅನ್ನುತ್ತಾಳೆ. ನನ್ನ ಬಲಗೈಯನ್ನು ಹಿಡಿದು ಮೆಲ್ಲಗೆ ಮೇಲೆತ್ತಿದಳು. ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಇಷ್ಟೇನಾ, ಸರ್?"

"ಅಷ್ಟೇ ತಾಯಿ. ಅದರ ಮೇಲಿಂದು ಮಾರಾಟಕ್ಕಿಲ್ಲ."

ಭುಜದ ಕೀಲಿನ ಸುತ್ತ ಒಂದು ಚೀಲವಿರುತ್ತದಂತೆ. ಅದು ಬಿಗಿದುಕೊಂಡಿದೆ. ಬಿಚ್ಚಿಕೊಳ್ಳುತ್ತದೆ, ಆದರೆ ಅದರದೇ ನಿಧಾನದಲ್ಲಿ. ಕೈ ದಿನಾ ಎಲ್ಲಿಯವರೆಗೆ ಹೋಯಿತು, ಎಷ್ಟು ನೋಯಿತು ಎಂದು ಬರೆದಿಡಬೇಕಂತೆ. ಅವಳಿಗೆ ತೋರಿಸಲು ಒಂದು ಚೀಟಿ ಇಟ್ಟಿದ್ದೇನೆ. ಈ ಪುಸ್ತಕ ನನಗೆ. ಜೀವಮಾನವೆಲ್ಲ ಹರಾಜು ಕೂಗಿದವನು ಬಾಯಿ ಮುಚ್ಚಿಕೊಂಡು ಮಾತಾಡುವುದು ಹೇಗಿರುತ್ತದೆ, ನೋಡೋಣ.

ಅಳತೆಗೆ ಅಡುಗೆಮನೆಯ ಕಪಾಟು ಸಾಕು. ಕೆಳಗಿನ ಅರೆಯಲ್ಲಿ ಉಪ್ಪು, ಅದರ ಮೇಲೆ ಚಹಾ ಡಬ್ಬಿ, ಅದರ ಮೇಲೆ ಓಟ್ಸ್, ತುತ್ತತುದಿಯಲ್ಲಿ ವೆರಾಳ ನೀಲಿ ಅಂಚಿನ ಕಪ್ಪುಗಳು. ಅವಳು ಹೋದ ಮೇಲೆ ಅವನ್ನು ಯಾರೂ ಇಳಿಸಿಲ್ಲ.

ಇವತ್ತು: ಉಪ್ಪಿಗೂ ಇಲ್ಲ.

ಜನವರಿ 16

ಮೈನಸ್ ಮೂವತ್ತೆಂಟು ಡಿಗ್ರಿ. ಎಂಜಿನ್ ಹೆಪ್ಪುಗಟ್ಟದಿರಲೆಂದು ರಾತ್ರಿಯಿಡೀ ಕರೆಂಟಿನ ವೈರು ಸಿಕ್ಕಿಸಿಟ್ಟರೂ ಕಾರು ಎದ್ದೇಳುವಾಗ ನನ್ನ ಹಾಗೇ ಗೊಣಗಿತು. ದಪ್ಪ ಕೋಟಿನೊಳಗೆ ಮೊದಲು ನೋವಿನ ಕೈ ತೂರಿಸಬೇಕು, ಆಮೇಲೆ ಒಳ್ಳೆಯ ಕೈ ಎಂದು ಜೋಸ್ಲಿನ್ ಕಲಿಸಿದ್ದಾಳೆ. ಎಪ್ಪತ್ತು ದಾಟಿದ ಮೇಲೆ ಅಂಗಿ ಹಾಕಿಕೊಳ್ಳುವುದನ್ನು ಕಲಿತೆ.

ಭುಜದವರು ನಾವು ಮೂವರು, ಒಂದೇ ಹೊತ್ತಿಗೆ ಬರುತ್ತೇವೆ. ಮೊದಲನೆಯವನು ನನ್ನ ಬಾಲ್ಯದ ಗೆಳೆಯ ಎಮಿಲ್ ತ್ಕಾಚುಕ್, ರೈಲುಹಳಿಯ ಪಕ್ಕದ ಧಾನ್ಯದ ಕೋಠಿಗೆ ಮ್ಯಾನೇಜರಾಗಿದ್ದವನು. ಹರಾಜಿನ ಪಟ್ಟಿಯಲ್ಲಿ ಬರೆಯುವುದಾದರೆ: ಎಂಜಿನ್ ಚೆನ್ನಾಗಿದೆ, ಎಡಬಾಗಿಲು ತೆರೆಯುವುದಿಲ್ಲ, ಶಬ್ದ ಜಾಸ್ತಿ. ಇನ್ನೊಬ್ಬರು ಸ್ಟೆಫ್ಕಾ ಲೆವಿಚ್ಕಿ. ಇಗರ್ಜಿಯ ನೆಲಮಾಳಿಗೆಯ ಅಡುಗೆಮನೆಯನ್ನು ಆಳುವವರು. ಆಲೂಗಡ್ಡೆಯ ಹೂರಣ ತುಂಬಿದ ಪೆರೊಗಿ ಕಡುಬು ಇಲ್ಲದೆ ಈ ಊರಲ್ಲಿ ಮದುವೆಯಿಲ್ಲ, ಸಾವಿನ ಊಟವಿಲ್ಲ. ಅಷ್ಟೂ ಕಡುಬಿನ ಹಿಟ್ಟು ಲಟ್ಟಿಸಿ ಲಟ್ಟಿಸಿ ಅವರ ಬಲಭುಜ ಸವೆದುಹೋಗಿದೆ. ಪಟ್ಟಿಯಲ್ಲಿ: ಗಟ್ಟಿ ಮರ, ಮೂಲೆಗಳು ಚೂಪು, ಎತ್ತುವವರು ಹುಷಾರು. ಗಂಡ ಹೋಗಿ ಬಹಳ ವರ್ಷವಾಯಿತು. ಏಪ್ರನ್ನಿನ ದಾರವನ್ನು ಬೆನ್ನ ಹಿಂದೆ ಕಟ್ಟಲಾಗದೆ ಮುಂದೆ ಗಂಟು ಹಾಕಿಕೊಂಡು ಬರುತ್ತಾರೆ, ಪಾರ್ಸೆಲ್ ಹಾಗೆ.

ವ್ಯಾಯಾಮದ ರಾಟೆಯ ಹಗ್ಗ ಎಳೆಯುತ್ತ ಎಮಿಲ್ ಒಂದು ಸುದ್ದಿ ಹಾಕಿದ. ಮೇ ತಿಂಗಳಲ್ಲಿ ಊರ ಹಾಲ್‌ಗೆ ನೂರು ತುಂಬುತ್ತದೆ. ಹಾಲ್ ಸಮಿತಿಗೆ ಇವನೇ ಅಧ್ಯಕ್ಷ. ಅಜ್ಜಂದಿರ ಕಾಲದ ಬುಟ್ಟಿ ಹರಾಜನ್ನು ಮತ್ತೆ ನಡೆಸುತ್ತಾರಂತೆ. ಹೆಂಗಸರು ಇಬ್ಬರಿಗಾಗುವಷ್ಟು ಊಟ ಬುಟ್ಟಿಯಲ್ಲಿ ಕಟ್ಟಿ ತರುವುದು, ಹೆಚ್ಚು ಸವಾಲು ಹಾಕಿದ ಗಂಡಸು ಬುಟ್ಟಿ ಕಟ್ಟಿದವಳ ಜೊತೆ ಕೂತು ಉಣ್ಣುವುದು. ನಮ್ಮ ಅಜ್ಜಂದಿರಲ್ಲಿ ಅರ್ಧ ಮಂದಿ ಹೀಗೇ ಸಿಕ್ಕಿಬಿದ್ದವರು.

ಕೂಗುವವನು ನಾನೇ ತಾನೇ ಅಂದೆ. ಎಮಿಲ್ ನನ್ನ ಮುಖ ನೋಡಲಿಲ್ಲ, ರಾಟೆ ನೋಡಿದ.

"ಈಸ್ಟರ್ ಹೊತ್ತಿಗೆ ಕೈ ಮೇಲೆ ಹೋದ್ರೆ ನೀನೇ ಕಣೋ, ನೆಸ್ಟರ್. ಹೋಗ್ಲಿಲ್ಲ ಅಂದ್ರೆ ಕೆಲ್ವಿನ್ ಇದ್ದಾನೆ."

ಕೆಲ್ವಿನ್ ವೆರಾಳ ಅಣ್ಣನ ಮಗ. ಒಳ್ಳೆಯ ಹುಡುಗ. ಕಿವಿಗೆ ಮೈಕು ಸಿಕ್ಕಿಸಿಕೊಂಡು ಹರಾಜು ಕೂಗುತ್ತಾನೆ, ಹವಾಮಾನ ವರದಿ ಓದಿದ ಹಾಗೆ. ನನ್ನ ಹರಾಜಿನಲ್ಲಿ 'ಮೂರು ಸಾರಿ' ಅನ್ನುವ ಮೊದಲು ಸುತ್ತಿಗೆ ತಲೆಯ ಮೇಲೆ ನಿಲ್ಲಬೇಕು. ನಿಂತಷ್ಟು ಹೊತ್ತು ಜನರ ಎದೆ ಡವಗುಟ್ಟುತ್ತದೆ, ಸುಮ್ಮನಿದ್ದವನೂ ಕೈ ಎತ್ತಿಬಿಡುತ್ತಾನೆ. ಮಾಲು ಮಾರುವುದು ನನ್ನ ಬಾಯಲ್ಲ, ಆ ನಿಂತ ಕೈ. ಎಡಗೈಯಲ್ಲಿ ಎತ್ತು ಎಂದ ಎಮಿಲ್. ಎಡಗೈಯಲ್ಲಿ ಎತ್ತಿದರೆ ಬಸ್ಸು ನಿಲ್ಲಿಸಿದ ಹಾಗೆ ಕಾಣುತ್ತದೆ.

ಮೇ ತಿಂಗಳಲ್ಲಿ ಆ ವೇದಿಕೆಯ ಮೇಲೆ ನಾನಿರುತ್ತೇನೆ. ಬರೆದಿಟ್ಟಿದ್ದೇನೆ.

ಜನವರಿ 29

ಉಪ್ಪು ಸಿಕ್ಕಿತು. ತುದಿಬೆರಳಿಗೆ ಸಿಕ್ಕಿದ್ದು ಸಿಕ್ಕಿದ ಲೆಕ್ಕ.

ಸ್ಟೆಫ್ಕಾ ಮಾತಾಡುವುದಿಲ್ಲ. ಗುಡ್ ಮಾರ್ನಿಂಗ್ ಅಂದರೆ ತಲೆ ಅಲ್ಲಾಡಿಸುತ್ತಾರೆ, ಅದೂ ಸವಾಲಿಗೆ ಸೇರಿಸಿಕೊಳ್ಳುವಷ್ಟು ಸ್ಪಷ್ಟವಾಗಿರುವುದಿಲ್ಲ.

ಫೆಬ್ರವರಿ 6

ಎಮಿಲ್ ಶೀತವೆಂದು ಬರಲಿಲ್ಲ. ಜೋಡಿ ತಪ್ಪಿತಲ್ಲ ಎಂದು ಜೋಸ್ಲಿನ್ ನನ್ನನ್ನೂ ಸ್ಟೆಫ್ಕಾ ಅವರನ್ನೂ ಎದುರುಬದುರು ಕೂರಿಸಿ ಒಂದು ಕೋಲು ಕೊಟ್ಟಳು. ಒಂದು ತುದಿ ನನಗೆ, ಒಂದು ತುದಿ ಅವರಿಗೆ. ಇಬ್ಬರೂ ಸೇರಿ ಮೇಲೆತ್ತಬೇಕು, ಎತ್ತಿ ಹಿಡಿದು ನಿಲ್ಲಿಸಬೇಕು. ನಾನು ನಿಲ್ಲಿಸಿದರೆ ಅವರು ಇಳಿಸುತ್ತಿದ್ದರು. ಅವರು ಎತ್ತಿದರೆ ನನಗೆ ಕಣ್ಣಲ್ಲಿ ನೀರು.

ನೋವಾದಾಗ ನನಗೆ ಬಾಯಿ ಸುಮ್ಮನಿರುವುದಿಲ್ಲ. ತಾನಾಗಿಯೇ ಕೂಗು ಹೊರಟಿತು. "ನೋಡಿ ಸ್ವಾಮಿ, ಸ್ಟೆಫ್ಕಾ ಲೆವಿಚ್ಕಿ ಅವರ ಬಲಗೈ, ಗಟ್ಟಿ ಮಾಲು, ಒಬ್ಬರೇ ಬಳಸಿದ್ದು, ಹಿಟ್ಟು ಬಿಟ್ಟು ಬೇರೆ ಏನೂ ಮುಟ್ಟಿಲ್ಲ. ಯಾರು ಕೊಡ್ತೀರಿ ಇನ್ನೊಂದಂಗುಲ? ಇನ್ನೊಂದಂಗುಲ, ಇನ್ನೊಂದಂಗುಲ, ಅಲ್ಲಿ ಮೂಲೇಲಿ ಯಾರು?"

ಮೂಲೆಯಲ್ಲಿ ಮಂಡಿಚಿಪ್ಪಿನವನೊಬ್ಬ ಸೈಕಲ್ ತುಳಿಯುತ್ತಿದ್ದ. ಅವನು ಬೆರಳೆತ್ತಿದ. ಸೊಂಟದವರೊಬ್ಬರು ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಅದಕ್ಕೆ ಮೇಲೆ ಹಾಕಿದರು. ಸ್ಟೆಫ್ಕಾ ತುಟಿ ಬಿಗಿಹಿಡಿದು ನೋಡಿದರು, ಆಗಲಿಲ್ಲ, ನಕ್ಕುಬಿಟ್ಟರು. ನಗುವಾಗ ಭುಜ ಸಡಿಲವಾಯಿತೋ ಏನೋ, ಕೋಲು ಒಂದಂಗುಲ ಮೇಲೆ ಹೋಯಿತು. ಅದರ ಹಿಂದೆ ನನ್ನ ಕೈಯೂ ಹೋಯಿತು.

ಜೋಸ್ಲಿನ್ ಕೈಕಟ್ಟಿಕೊಂಡು ನಿಂತು ನೋಡುತ್ತಿದ್ದಳು. ಇನ್ನು ಮೇಲೆ ಪ್ರತಿ ಸಲವೂ ಹೀಗೇ ಕೂಗಬೇಕು ಸರ್, ಇದು ಔಷಧಿ ಅಂದಳು. ಸ್ಟೆಫ್ಕಾ ಹೊರಡುವಾಗ ಕೋಟು ಹಾಕಿಕೊಳ್ಳುತ್ತ, ಮೊದಲ ಬಾರಿಗೆ ತಾವಾಗಿ ಮಾತಾಡಿದರು.

"ಮಾತಿಗಿಷ್ಟು ಅಂತ ಕೂಲಿ ಕೊಡ್ತಾರೇನ್ರೀ ನಿಮಗೆ?"

ಫೆಬ್ರವರಿ 13

ಮೂರ್ಖತನ ಮಾಡಿದೆ. ಅಡುಗೆಮನೆಯ ಮೇಜಿನ ಮೇಲೆ ಸುತ್ತಿಗೆ ಬಡಿದು ಅಭ್ಯಾಸ ಮಾಡಿದೆ. ಹಿಮದಲ್ಲಿ ಎಳೆಯುವ ಹಳೆಯ ಜಾರುಬಂಡಿಯ ಓಕ್ ಮರದಲ್ಲಿ ವೆರಾಳ ಅಪ್ಪ ಕಡೆದುಕೊಟ್ಟ ಸುತ್ತಿಗೆ ಅದು. ಈಗ ಪೆನ್ನು ಹಿಡಿಯಲಾಗುತ್ತಿಲ್ಲ. ಎಡಗೈ ಅಕ್ಷರ. ಕೋಳಿ ಕೆದಕಿದ ಹಾಗಿದೆ.

ಫೆಬ್ರವರಿ 14

ಇವತ್ತು ಇಬ್ಬರೂ ಸಿಕ್ಕಿಬಿದ್ದೆವು.

ನನ್ನ ಭುಜ ಊದಿಕೊಂಡಿದ್ದು ಜೋಸ್ಲಿನ್‌ಗೆ ಕೋಟಿನ ಮೇಲಿಂದಲೇ ಗೊತ್ತಾಯಿತು. ಸ್ಟೆಫ್ಕಾ ಅವರ ಮೊಣಕೈಯ ಹಿಂದೆ ಹಿಟ್ಟು ಅಂಟಿತ್ತು. ನಿನ್ನೆ ಯಾರದೋ ಸಾವಿನ ಊಟ. ಒಂದೇ ಒಂದು ಉಂಡೆ ಲಟ್ಟಿಸಿದ್ದು ಅಂದರು. ಜೋಸ್ಲಿನ್ ಆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಸಿಟ್ಟಾದರೆ ಅವಳು ಇನ್ನೂ ಮರ್ಯಾದೆಯಿಂದ ಮಾತಾಡುತ್ತಾಳೆ. ಸರ್, ಮ್ಯಾಮ್, ನಿಮ್ಮ ಆಯುಧಗಳನ್ನ ದಯವಿಟ್ಟು ಇಲ್ಲಿ ತಂದಿಡಿ ಅಂದಳು.

ಅದಕ್ಕೆ ಸ್ಟೆಫ್ಕಾ, "ಇಲ್ಲಿಟ್ರೆ ಯಾರಾದ್ರೂ ಬೆನ್ನು ಉಜ್ಜೋಕೆ ತಗೊಂಡ್ಹೋಗ್ತಾರೆ. ನನ್ನ ಲಟ್ಟಣಿಗೆ ಇವರ ಹತ್ರ ಇರ್ಲಿ, ಇವರ ಸುತ್ತಿಗೆ ನನ್ನ ಹತ್ರ. ಕಳ್ಳತನ ಮಾಡೋಕೆ ಇಬ್ರಿಗೂ ಸಾಮಾನೇ ಇರಲ್ಲ" ಅಂದರು.

ಸಂಜೆ ಅವರ ಮನೆ ಬಾಗಿಲಲ್ಲೇ ಕೊಟ್ಟು ತಗೊಂಡೆವು, ಯುದ್ಧ ಮುಗಿದು ಕೈದಿಗಳನ್ನು ಬದಲಾಯಿಸಿಕೊಂಡ ಹಾಗೆ. ಮಾತೇನೆಂದರೆ, ಬುಟ್ಟಿ ಹರಾಜಿನ ದಿನ ಅವರವರದು ಅವರವರಿಗೆ ವಾಪಸು.

ಲಟ್ಟಣಿಗೆ ಮೊಳಕ್ಕಿಂತ ಉದ್ದ, ಬರ್ಚ್ ಮರ. ಅವರ ಕೈ ಹಿಡಿಯುವ ಎರಡು ಕಡೆ ಸವೆದು ಮಿರುಗುತ್ತದೆ. ಮನೆಯ ವ್ಯಾಯಾಮಕ್ಕೆ ಜೋಸ್ಲಿನ್ ಹೇಳಿದ ಪೊರಕೆ ಹಿಡಿಗಿಂತ ಇದು ಮೇಲು.

ಮಾರ್ಚ್ 3

ಚಹಾ ಡಬ್ಬಿ ಕೈಗೆ ಬಂತು. ನಿಂತಲ್ಲಿಂದಲೇ ಲೋರ್ನಾಗೆ ಫೋನ್ ಮಾಡಿದೆ. ಚಹಾ ಡಬ್ಬಿ ಇಳಿಸಿದೆ ಅಂದೆ. ಅಪ್ಪಾ, ಕುಡಿದಿದ್ದೀಯಾ ಎಂದು ಕೇಳಿದಳು.

ಫಿಸಿಯೋದಲ್ಲಿ ಈಗ ಬೆಳಗಿನ ಹೊತ್ತು ಜಾಗ ಸಿಗುವುದಿಲ್ಲ. ಮಂಡಿಯವರು, ಸೊಂಟದವರು ಎಲ್ಲ ಭುಜದವರ ಹೊತ್ತಿಗೇ ಬರುತ್ತಾರೆ. ಹರಾಜು ಕೇಳಲಿಕ್ಕೆ. ನಿನ್ನೆ ಎಮಿಲ್‌ನ ಎಡಗೈಯನ್ನು ಕೂಗಿದರೆ ಯಾರೂ ಸವಾಲು ಹಾಕಲಿಲ್ಲ. "ಉಚಿತವಾಗಿ ಕೊಟ್ರೂ ಇಟ್ಟುಕೊಳ್ಳೋಕೆ ಜಾಗ ಇಲ್ಲ" ಅಂದರು ಸ್ಟೆಫ್ಕಾ. ಎಮಿಲ್ ಮುನಿಸಿಕೊಂಡು ಕೈಯನ್ನು ಕಿವಿಯವರೆಗೆ ಎತ್ತಿಬಿಟ್ಟ.

ಸ್ಟೆಫ್ಕಾ ಅವರ ಮಾತಿಗೆ ತೂಕವಿದೆ. ದಿನಕ್ಕೆ ಒಂದೋ ಎರಡೋ, ಆದರೆ ಒಂದೂ ಪೊಳ್ಳಿಲ್ಲ. ನಾನು ಇಷ್ಟು ವರ್ಷ ಚೀಲಗಟ್ಟಲೆ ಮಾರಿದ್ದರಲ್ಲಿ ಅರ್ಧ ಹೊಟ್ಟು.

ಮಾರ್ಚ್ 17

ಹಿಮ ಕರಗುತ್ತಿದೆ. ಅಂಗಳದ ತುಂಬ ಕೆಸರು. ಹುಲ್ಲುಗಾವಲಿನ ಹಕ್ಕಿ ಒಂದು ಬೇಲಿಕಂಬದ ಮೇಲೆ ಕೂತು ಗಂಟಲು ಸರಿಮಾಡಿಕೊಂಡಿತು.

ಕೆಲ್ವಿನ್ ಬಂದಿದ್ದ. ಕಾಫಿಗೆ ಕೂತು, ಮಾವ, ನಿಮ್ಮ ಜಾಗಕ್ಕೆ ನಾನು ಕಣ್ಣು ಹಾಕಿಲ್ಲ, ಸಮಿತಿಯವರೇ ಕೇಳಿದ್ದು ಅಂದ. ಗೊತ್ತು ಅಂದೆ. ಆಮೇಲೆ ಹುಡುಗ ಒಂದು ವಿಷಯ ಕೇಳಿದ. ಇಷ್ಟು ವರ್ಷದಲ್ಲಿ ನೀವು ಕೂಗಿದ ಹರಾಜಿನಲ್ಲಿ ನೀವೇ ಏನಾದರೂ ಕೊಂಡದ್ದುಂಟಾ ಮಾವ ಅಂತ.

ಇಲ್ಲ. ಕೂಗುವವನು ಕೊಳ್ಳಕೂಡದು. ಸುತ್ತಿಗೆ ಹಿಡಿದ ಮೊದಲ ದಿನ ನಾನೇ ಹಾಕಿಕೊಂಡ ಕಟ್ಟು ಅದು. ಕೊಳ್ಳುವ ಆಸೆ ಒಮ್ಮೆ ಹೊಕ್ಕರೆ ಸುತ್ತಿಗೆ ಬೇಗ ಬೀಳುತ್ತದೆ. ಸಸ್ಕ್ಯಾಚುವಾನ್ ಪ್ರಾಂತ್ಯದ ಈ ಮೂಲೆಯ ಅರ್ಧ ಸಾಮಾನು ನನ್ನ ಬಾಯಿಂದ ದಾಟಿದೆ. ನನ್ನ ಮನೆಗೆ ಒಂದು ಚಮಚವೂ ಬಂದಿಲ್ಲ. ಕೆಲ್ವಿನ್ ಸುತ್ತ ನೋಡಿದ. "ಅದು ಕಾಣ್ತದೆ, ಮಾವ" ಅಂದ.

ಅವನು ಹೋದ ಮೇಲೆ ನಾನೂ ನೋಡಿದೆ. ಮೇಜು, ಎರಡು ಕುರ್ಚಿ, ಕ್ಯಾಲೆಂಡರು. ಕಿಟಕಿಯ ಹತ್ತಿರ ಲಟ್ಟಣಿಗೆ.

ಏಪ್ರಿಲ್ 2

ಓಟ್ಸ್.

ಏಪ್ರಿಲ್ 19

ಬಾಗಿಲು ತಟ್ಟಿದ ಶಬ್ದವಾಯಿತು. ತೆಗೆದರೆ ಸ್ಟೆಫ್ಕಾ, ಕಾಲಲ್ಲಿ ಕೆಸರಿನ ಬೂಟು. ಲಟ್ಟಣಿಗೆಯ ತಪಾಸಣೆಗೆ ಬಂದಿದ್ದಾರಂತೆ. ಒಳಗೆ ಬಂದು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಒಂದು ಕಡೆ ಬಿರುಕು ಇತ್ತು, ಮೊದಲೇ ಇದ್ದದ್ದು ಅಂದೆ. ಗೊತ್ತು, ಅದು ನನ್ನ ಗಂಡನ ಜೊತೆ ಜಗಳವಾಡಿದ ದಿನದ್ದು, ಗೋಡೆಗೆ ತಗಲಿತು, ಅವರಿಗೆ ತಗಲಲಿಲ್ಲ ಅಂದರು.

ಕೂತರು. ಕಾಫಿ ಕೊಟ್ಟೆ. ಸಿಂಕಿನಲ್ಲಿದ್ದ ಮಗ್ಗುಗಳನ್ನು ತೊಳೆದಿರಲಿಲ್ಲ, ನೀಲಿ ಅಂಚಿನ ಕಪ್ಪಿನಲ್ಲಿ ಕೊಟ್ಟೆ. ಬುಟ್ಟಿ ಹರಾಜಿನ ಮಾತು ಬಂತು. ಯಾವ ಬುಟ್ಟಿ ಯಾರದೆಂದು ಹೇಳದೆ ಕೂಗುವುದು ನಿಯಮ. ನಿಮ್ಮದನ್ನು ಗುರುತಿಸಲು ಕಷ್ಟವಿಲ್ಲ, ಅದರಿಂದ ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಯ ವಾಸನೆ ಬರುತ್ತದೆ ಅಂದೆ. ಯಾರಿಗೆ ಗೊತ್ತು, ಈ ಸಲ ನಾನು ಬುಟ್ಟಿ ಕಟ್ಟುತ್ತೇನೋ ಇಲ್ಲವೋ ಅಂದರು. ವಯಸ್ಸಾದವರ ಬುಟ್ಟಿಗೆ ಸವಾಲು ಹಾಕುವವರು ಯಾರು, ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಮೌನ ಕೇಳುವುದು ಯಾರಿಗೆ ಬೇಕು ಅಂದರು. ನಗುತ್ತಲೇ ಅಂದದ್ದು.

ಎಮಿಲ್ ಹಾಕುತ್ತಾನೆ, ಅವನಿಗೆ ಹೊಟ್ಟೆಯೇ ದೇವರು ಅಂದೆ.

ಅವರು ಕಪ್ಪು ತಿರುಗಿಸಿ ತಿರುಗಿಸಿ ನೋಡಿದರು. "ಕೂಗೋದು ನೀವೇ ಅಲ್ವಾ?"

"ನಾನೇ. ಮೊನ್ನೆ ಎಮಿಲ್ ಮುಂದೆ ಕೈ ಎತ್ತಿ ತೋರಿಸಿದೆ. ಒಪ್ಪಿದ."

"ಒಳ್ಳೇದಾಯ್ತು" ಅಂದರು. ಕಾಫಿ ಪೂರ್ತಿ ಕುಡಿಯಲಿಲ್ಲ. ಚೆನ್ನಾಗಿರಲಿಲ್ಲವೋ ಏನೋ.

ಏಪ್ರಿಲ್ 20

ನೀಲಿ ಕಪ್ಪುಗಳಿರುವುದು ಮೇಲಿನ ಅರೆಯಲ್ಲಿ.

ಬೆಳಿಗ್ಗೆ ಅವನ್ನು ತೊಳೆದು ಒರೆಸುವಾಗ ತಲೆಗೆ ಹೊಳೆಯಿತು. ನಿನ್ನೆ ಯಾವ ಕೈಯಲ್ಲಿ ಇಳಿಸಿದೆ? ಎಡಗೈಯಲ್ಲಿ ಕೆಟಲ್ ಇತ್ತು. ಹಾಗಾದರೆ ಬಲಗೈಯೇ. ನೋಯಿತೋ ಇಲ್ಲವೋ ನೆನಪಿಲ್ಲ. ಜೋಸ್ಲಿನ್‌ನ ಚೀಟಿಯಲ್ಲಿ ಆ ಸಾಲು ಖಾಲಿ ಬಿಟ್ಟಿದ್ದೇನೆ.

ಕಪ್ಪುಗಳನ್ನು ಮತ್ತೆ ಮೇಲಿಡಲಿಲ್ಲ. ಓಟ್ಸ್ ಪಕ್ಕದಲ್ಲಿ ಜಾಗವಿತ್ತು.

ಮೇ 4

ಇವತ್ತು ಜೋಸ್ಲಿನ್ ಸ್ಟೆಫ್ಕಾ ಅವರಿಗೆ ಸ್ವಲ್ಪ ಹಿಟ್ಟು ಮುಟ್ಟಲು ಅಪ್ಪಣೆ ಕೊಟ್ಟಳು. ಸ್ವಲ್ಪ ಅಂದರೆ ಸ್ವಲ್ಪ, ಮ್ಯಾಮ್ ಅಂದಳು. ಲಟ್ಟಣಿಗೆ ಬೇಕಾ ಎಂದು ಕೇಳಿದೆ. ಮಾತು ಮಾತೇ, ಹರಾಜಿನ ದಿನದವರೆಗೆ ಬೇಡ ಅಂದರು.

ಹಾಗಾದರೆ ಬುಟ್ಟಿ ಕಟ್ಟುತ್ತೀರಾ ಅಂದೆ. ಕೇಳಿಸಲಿಲ್ಲ ಎಂಬಂತೆ ಗೋಡೆಯ ಮೇಲೆ ಬೆರಳು ಹತ್ತಿಸಿದರು. ಎಲ್ಲ ತೂತುಗಳನ್ನೂ ದಾಟಿ ಹೋಯಿತು ಆ ಕೈ.

ಸ್ಟೆಫ್ಕಾ ಅವರ ಬುಟ್ಟಿಯನ್ನು ಎಮಿಲ್ ವೇದಿಕೆಯ ಮೇಲೆ ತಗೊಂಡು ಮೀಸೆ ಒರೆಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಯಾಕೋ ಊಟ ರುಚಿಸಲಿಲ್ಲ. ಕೂಗುವವನು ಮಾಲಿನ ಮೇಲೆ ಮನಸ್ಸಿಡಬಾರದು. ಅಷ್ಟೂ ಗೊತ್ತಿಲ್ಲದವನೇ ನಾನು?

ಮೇ 11, ಮಲಗುವ ಮುಂಚೆ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕಲಸುತ್ತದೆ.

ಹಾಲ್ ತುಂಬಿತ್ತು. ಬಾಗಿಲ ಹತ್ತಿರ ಸ್ಟೆಫ್ಕಾ ನಿಂತಿದ್ದರು. ಏಪ್ರನ್ನಿನ ಗಂಟು ಮುಂದೆ ಇರಲಿಲ್ಲ. ನಾನು ಲಟ್ಟಣಿಗೆ ಕೊಡಹೋದೆ, ನನ್ನ ಸುತ್ತಿಗೆ ಎಲ್ಲಿ ಅಂದೆ.

"ಬುಟ್ಟೀಲಿದೆ."

"ಯಾವ ಬುಟ್ಟೀಲಿ?"

"ನನ್ನದರಲ್ಲಿ. ಬುಟ್ಟಿ ತಗೊಂಡವರಿಗೆ ಅದೂ ಸೇರ್ತದೆ." ಹಾಗೆಂದು ತಿರುಗಿ ಅಡುಗೆಮನೆಗೆ ಹೋದರು. ಬೆನ್ನ ಹಿಂದೆ ದಾರ ಚಿಟ್ಟೆಯ ಹಾಗೆ ಕಟ್ಟಿತ್ತು, ಅವರೇ ಕಟ್ಟಿದ್ದು.

ಹಾಗಾಗಿ ಲಟ್ಟಣಿಗೆ ಹಿಡಿದುಕೊಂಡೇ ವೇದಿಕೆ ಹತ್ತಿದೆ. ಜನ ನಕ್ಕರು. ಹೆಂಡತಿಯರ ಬುಟ್ಟಿ ಬಿಟ್ಟು ಬೇರೆಯವರದಕ್ಕೆ ಕೈ ಎತ್ತಿದರೆ ಇದು ಎಲ್ಲಿ ಬೀಳುತ್ತದೆಂದು ನಿಮಗೇ ಗೊತ್ತು ಅಂದೆ. ಇನ್ನೂ ನಕ್ಕರು. ಮೊದಲ ಬುಟ್ಟಿ ಕೂಗಿದೆ. ಒಂದು ಸಾರಿ, ಎರಡು ಸಾರಿ, ಕೈ ಮೇಲೆ ಹೋಯಿತು. ತಲೆಯ ಮೇಲೆ ಹೋಗಿ ನಿಂತಿತು. ಹಾಲ್ ಉಸಿರು ಹಿಡಿಯಿತು. ಚಳಿಗಾಲವಿಡೀ ಕನಸು ಕಂಡದ್ದು ಇದನ್ನೇ. ಚೆನ್ನಾಗಿತ್ತು. ಇಲ್ಲವೆನ್ನುವುದಿಲ್ಲ.

ಬುಟ್ಟಿಗಳು ಹೋಗುತ್ತಾ ಹೋದವು. ಕೊನೆಗೆ ಕೆಂಪು-ಕಪ್ಪು ಕಸೂತಿಯ ಬಟ್ಟೆ ಮುಚ್ಚಿದ ಒಂದು ಬಂತು. ಈರುಳ್ಳಿಯ ವಾಸನೆ ಅದಕ್ಕಿಂತ ಮೊದಲೇ ಬಂತು. ಅಡುಗೆಮನೆಯ ಬಾಗಿಲಲ್ಲಿ ಸ್ಟೆಫ್ಕಾ ಟವೆಲಿನಿಂದ ಒಣಗಿದ ಕೈಯನ್ನೇ ಒರೆಸುತ್ತಿದ್ದರು.

ಕೂಗಿದೆ. ಒಂದು ಕ್ಷಣ ಯಾರೂ ಇಲ್ಲ. ಆ ಮೌನ. ಆಮೇಲೆ ಎಮಿಲ್‌ನ ಬಲಗೈ ಎದ್ದಿತು. ಅಂಗಡಿಯ ತರಾಸ್ ಮೇಲೆ ಹಾಕಿದ, ಎಮಿಲ್ ಅದರ ಮೇಲೆ. ತರಾಸ್ ಬಿಟ್ಟ. ಒಂದು ಸಾರಿ ಅಂದೆ. ಎರಡು ಸಾರಿ ಅಂದೆ. ಲಟ್ಟಣಿಗೆ ತಲೆಯ ಮೇಲೆ ನಿಂತಿತು. ಎಮಿಲ್ ಅಲ್ಲಿಂದಲೇ ಮೀಸೆ ಒರೆಸಿಕೊಂಡ.

ಕೈ ಇಳಿಯಲಿಲ್ಲ. ನೋವಿನಿಂದಲ್ಲ.

"ಕೆಲ್ವಿನ್, ಬಾ ಇಲ್ಲಿ" ಅಂದೆ. ಹುಡುಗ ಬಂದ. ಲಟ್ಟಣಿಗೆಯನ್ನು ಅವನ ಕೈಗೆ ಕೊಟ್ಟೆ. ಇಲ್ಲಿಂದ ಮುಂದೆ ನೀನು ಕೂಗು ಅಂದೆ. ಮೆಟ್ಟಿಲಿಳಿದು ಜನರ ನಡುವೆ ಹೋಗಿ ನಿಂತೆ. ಕೆಳಗಿನಿಂದ ಆ ವೇದಿಕೆ ಎಷ್ಟು ಎತ್ತರವಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಕೈ ಎತ್ತಿದೆ. ಕಿವಿಯವರೆಗೆ ಹೋಗಿ ನಿಂತುಬಿಟ್ಟಿತು. ಸಂಜೆಯೆಲ್ಲ ಬರ್ಚ್ ಮರ ಎತ್ತಿ ಸುಸ್ತಾಗಿತ್ತು. ಮುಂದೆ ಉದ್ದುದ್ದ ರೈತರು. ಕೆಲ್ವಿನ್‌ಗೆ ನಾನು ಕಾಣುತ್ತಿಲ್ಲ. ಅವನು ಹವಾಮಾನ ವರದಿಯ ದನಿಯಲ್ಲಿ, ಎಮಿಲ್ ಅವರದು ಎರಡು ಸಾರಿ ಅಂದ.

ಆಗ ಅಡುಗೆಮನೆಯ ಬಾಗಿಲಿಂದ ಗಟ್ಟಿಯಾಗಿ ಒಂದು ದನಿ.

"ಇನ್ನೊಂದಂಗುಲ, ನೆಸ್ಟರ್. ಯಾರು ಕೊಡ್ತೀರಿ ಇನ್ನೊಂದಂಗುಲ?"

ಮಂಡಿಯವರು, ಸೊಂಟದವರು ಎಲ್ಲ ಒಟ್ಟಿಗೆ ಶುರುಮಾಡಿದರು. ಇನ್ನೊಂದಂಗುಲ, ಇನ್ನೊಂದಂಗುಲ. ಹಿಂದಿನ ಸಾಲಿನಲ್ಲಿ ಜೋಸ್ಲಿನ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಏನು ನಡೆಯುತ್ತಿದೆಯೆಂದು ತಿಳಿಯದ ಅರ್ಧ ಊರೂ ಸೇರಿಕೊಂಡಿತು. ನನಗೆ ನಗು ಬಂತು. ಕೈ ಮೇಲೆ ಹೋಯಿತು. ರೈತರ ತಲೆಗಳ ಮೇಲೆ, ಟೋಪಿಗಳ ಮೇಲೆ, ನೆಟ್ಟಗೆ.

ಕೆಲ್ವಿನ್ ನೋಡಿದ. ಎಮಿಲ್ ಅದರ ಮೇಲೆ ಹಾಕಿದ. ನಾನು ಮೇಲೆ. ಎಮಿಲ್ ಮತ್ತೆ. ನಾನು ಮತ್ತೆ. ಎಮಿಲ್ ಕೈ ಕಟ್ಟಿಕೊಂಡು ಕೂತ. ನನ್ನ ಕೈ ಮೇಲೆಯೇ ಇತ್ತು. ಕೆಲ್ವಿನ್ ಇನ್ನೂ ಮೇಲೆ ಕೂಗಿದ. ಕೈ ಮೇಲೆಯೇ ಇತ್ತು. ಇನ್ನೂ ಮೇಲೆ. ಹಾಲ್ ನಗತೊಡಗಿತು. ಕೆಲ್ವಿನ್ ಮೈಕು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಹೇಳಿದ.

"ಮಾವ, ನಿಮ್ಮ ಸವಾಲಿನ ಮೇಲೆ ನೀವೇ ಸವಾಲು ಹಾಕ್ತಿದ್ದೀರಿ. ನಾನೇನೂ ಬೇಡ ಅನ್ನಲ್ಲ."

ಜೀವಮಾನವೆಲ್ಲ ಎಂಥೆಂಥ ಪೆದ್ದರನ್ನು ವೇದಿಕೆಯ ಮೇಲಿಂದ ನೋಡಿದ್ದೇನೆ. ಆ ತಪ್ಪು ಮಾಡಿದವನನ್ನು ಮಾತ್ರ ನೋಡಿರಲಿಲ್ಲ. ಅಂಕಿ ಬರೆಯುವುದಿಲ್ಲ, ಲೋರ್ನಾ ಓದಿಯಾಳು.

ಕೈ ಇಳಿಸಬೇಕೆಂದು ಗೊತ್ತು, ಆದರೆ ಇಳಿಯದು. ಸ್ಟೆಫ್ಕಾ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಕೋಲು ಹಿಡಿಯುವಾಗ ಹಿಡಿಯುವ ಹಾಗೆಯೇ ನನ್ನ ಮಣಿಕಟ್ಟು ಹಿಡಿದು, ಮೆಲ್ಲಗೆ, ಜೋಸ್ಲಿನ್ ಕಲಿಸಿದ ಕ್ರಮದಲ್ಲಿ ಇಳಿಸಿದರು.

"ಸಾಕು ಇಳಿಸೋ. ನಿನಗೇ ಸಿಕ್ಕಿದೆ."

ಲಟ್ಟಣಿಗೆ ಬಿತ್ತು. ಒಳ್ಳೆಯ ಏಟು. ಹುಡುಗ ಕಲಿಯುತ್ತಾನೆ.

ಬುಟ್ಟಿಯಲ್ಲಿ ಪೆರೊಗಿಗಳಿದ್ದವು, ಪುಟ್ಟವು, ಸ್ವಲ್ಪ ದಪ್ಪ. ಕೆಳಗೆ ಬಟ್ಟೆಯಲ್ಲಿ ಸುತ್ತಿದ ನನ್ನ ಸುತ್ತಿಗೆ. ಅದರ ಗೆರೆಗಳಲ್ಲೆಲ್ಲ ಹಿಟ್ಟು. ಲಟ್ಟಣಿಗೆ ಇಲ್ಲವಲ್ಲ, ಒಂದೊಂದು ಉಂಡೆಯನ್ನೂ ಇದರಿಂದಲೇ ಚಪ್ಪಟೆ ಮಾಡಿದೆ ಅಂದಳು ಸ್ಟೆಫ್ಕಾ. ಭುಜಕ್ಕೆ ಇದು ಎಷ್ಟೋ ಮೇಲು ಅಂದಳು. ಎಮಿಲ್ ತಟ್ಟೆ ಹಿಡಿದು ಬಂದು ನಮ್ಮ ಮೇಜಿನ ತುದಿಗೆ ಕೂತ. ನೀನು ಯಾಕೆ ಅಷ್ಟು ಮೇಲೆ ಹಾಕಿದ್ದು ಎಂದು ಕೇಳಿದೆ.

"ನೀನು ಇಳಿದು ಬರ್ತೀಯೋ ಇಲ್ವೋ ನೋಡ್ಬೇಕಿತ್ತು ಕಣೋ" ಅಂದ. ಅವನಿಗೆ ಎರಡು ಕೊಟ್ಟೆವು. ಮೂರನೆಯದಕ್ಕೆ ಕೈ ಹಾಕಿದ, ಸ್ಟೆಫ್ಕಾ ಸುತ್ತಿಗೆ ಎತ್ತಿದಳು.

ಮೇ 12

ಭುಜ ನೋಯುತ್ತಿದೆ. ಜೋಸ್ಲಿನ್ ಐಸ್ ಇಡಲು ಹೇಳಿದ್ದಾಳೆ. ಚೀಟಿಯಲ್ಲಿ ಕೈ ಎಲ್ಲಿಯವರೆಗೆ ಹೋಯಿತು ಎಂಬ ಜಾಗದಲ್ಲಿ ಅವಳೇ ಏನೋ ಬರೆದುಕೊಂಡಳು. ನನಗೆ ನೋಡುವ ನೆನಪೂ ಆಗಲಿಲ್ಲ.

ಲಟ್ಟಣಿಗೆ ಕೆಲ್ವಿನ್ ಹತ್ತಿರವೇ ಉಳಿದಿದೆ. ಸುತ್ತಿಗೆ ಸ್ಟೆಫ್ಕಾಳ ಅಡುಗೆಮನೆಯಲ್ಲಿದೆ. ಯಾರಿಗೂ ಅವಸರವಿದ್ದಂತಿಲ್ಲ.

ಮುಂದಿನ ವಾರ ಹಳ್ಳದಾಚೆಯ ತೋಟದ ಮನೆಯ ಹರಾಜು. ಕೂಗುವವನು ಕೆಲ್ವಿನ್. ಅಲ್ಲಿ ಹಿಟ್ಟು ಕಲಸುವ ಹಳೆಯ ಮರಿಗೆಯೊಂದಿದೆಯಂತೆ, ಸ್ಟೆಫ್ಕಾಗೆ ಅದು ಬೇಕು. ಇಬ್ಬರೂ ಹೋಗುತ್ತೇವೆ. ಕೈ ಎತ್ತುವ ಕೆಲಸ ನನ್ನದು, ಇಳಿಸುವ ಕೆಲಸ ಅವಳದು.